ಹನ್ನೊಂದು ಮೀಟರ್ ಆಚೆ ನಿಂತ ಹುಲಿ

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವರಲ್ಲಿ ನಾನೇ ಮೊದಲಿಗಳು. ಇದನ್ನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ನರಿಕೊಂಬಿನ ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟಿ ಅಮ್ಮ ನನ್ನನ್ನು ಬಿ.ಸಿ.ಎ. ಓದಿಸಿದರು. ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿ ತಂದಾಗ ಗೋಡೆಯಲ್ಲಿ ಜಾಗ ಸಾಲದೆ ಗಡಿಯಾರ ಅಡುಗೆಮನೆಗೆ ಹೋಯಿತು. ಆಮೇಲೆ ಸುಮಾರು ದಿನ ನಮ್ಮ ಮನೆಯಲ್ಲಿ ಗಂಟೆ ಎಷ್ಟೆಂದು ಅನ್ನಕ್ಕೆ ಮಾತ್ರ ಗೊತ್ತಿತ್ತು.

ಅಷ್ಟೆಲ್ಲ ಆಗಿ ನಾನು ಮಾಡುತ್ತಿದ್ದ ಕೆಲಸ ಏನೆಂದರೆ, ಮೂಡುಬಿದಿರೆಯ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಗಣ್ಯರ ಫೋಟೋಗಳ ಹಿಂದಿನ ಗೋಡೆ ಅಳಿಸುವುದು. ಸ್ವಾಗತ ಕೋರುವವರ ಮುಖಗಳನ್ನು ಸಾಲಾಗಿ ಕೂರಿಸಬೇಕು. ಒಬ್ಬರ ಮುಖ ಇನ್ನೊಬ್ಬರದಕ್ಕಿಂತ ಕೂದಲೆಳೆಯಷ್ಟು ಸಣ್ಣದಾದರೂ ಮರುದಿನ ಅಂಗಡಿಯ ಎದುರು ನಾಲ್ಕು ಬೈಕು ನಿಲ್ಲುತ್ತಿದ್ದವು. ಬೆಳಿಗ್ಗೆ ಬಿ.ಸಿ.ರೋಡಿನಲ್ಲಿ ಬಸ್ಸು ಹತ್ತಿ, ಸಂಜೆ ಅದೇ ಬಸ್ಸಿನಲ್ಲಿ ನಿಂತುಕೊಂಡು ಬರುವುದು. ನಾಲ್ಕು ವರ್ಷ ಹೀಗೆ ಹೋಯಿತು. ಕಲಿತ ವಿದ್ಯೆಯಿಂದ ನನ್ನದೇ ಎಂದು ಹೇಳಿಕೊಳ್ಳುವ ಒಂದು ಕೆಲಸ ಬೇಕು ಎಂಬ ಹಠ ಮಾತ್ರ ಇತ್ತು. ಸಂಜೆ ಮನೆಗೆ ಬಂದು, ಹಳೆಯ ಲ್ಯಾಪ್‌ಟಾಪಿನಲ್ಲಿ, ಫೋನಿನ ಕ್ಯಾಮೆರಾದ ಮೂಲಕ ನೋಡಿದರೆ ಇಲ್ಲದ ವಸ್ತು ಎದುರಿಗಿದ್ದ ಹಾಗೆ ಕಾಣಿಸುವ ವಿದ್ಯೆಯನ್ನು ನಾನೇ ಕಲಿಯುತ್ತಿದ್ದೆ.

ಒಂದು ದಿನ ಅಂಗಡಿಗೆ ಬೆಳ್ತಂಗಡಿ ಕಡೆಯವರೊಬ್ಬರು ಬಂದರು. ಗಲ್ಫಿನಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿ, ರಬ್ಬರ್ ತೋಟದೊಳಗೆ ಹೋಂಸ್ಟೇ ಮಾಡಿದವರು. ಅವರ ಕೆಲಸದವರು ಅವರನ್ನು ಧಣಿ ಎನ್ನುತ್ತಾರೆ. ನಾನು ಡಿಗ್ರಿ ಮಾಡಿದವಳಾದ್ದರಿಂದ ಅಣ್ಣ ಎಂದೆ. ಬರೆಯುವಾಗ ಮಾತ್ರ ಕೈಗೆ ಧಣಿಗಳು ಎಂದೇ ಬರುತ್ತದೆ, ಇರಲಿ.

ಅವರಿಗೆ ಫ್ಲೆಕ್ಸಿನಲ್ಲಿ ಹುಲಿ ಬೇಕಿತ್ತು. ಅವರ ಅಜ್ಜ ಹಿಂದೆ ನೀರು ಹರಿಯುವ ತೋಡಿನ ಬದಿಯ ಬಂಡೆಯ ಹತ್ತಿರ ಹುಲಿಯನ್ನು ಎದುರು ಕಂಡು, ಕೈಯಲ್ಲಿ ಉರಿಯುತ್ತಿದ್ದ ತೆಂಗಿನ ಗರಿಯ ಸೂಟೆ ಬೀಸಿ ಓಡಿಸಿದ್ದರಂತೆ. ಆ ಬಂಡೆ ಈಗಲೂ ಉಂಟಂತೆ. ಬಂದ ಅತಿಥಿಗಳು ಬಂಡೆ ನೋಡಿ, ಹುಲಿ ಎಲ್ಲಿ ಎಂದು ಕೇಳುತ್ತಾರಂತೆ. ಆಗ ನನ್ನ ಬಾಯಿ ಸುಮ್ಮನಿರಲಿಲ್ಲ. ಫ್ಲೆಕ್ಸ್ ಯಾಕೆ, ಆ ಬಂಡೆಯ ಹತ್ತಿರ ಬಂದು ಫೋನು ಹಿಡಿದರೆ ಅಲ್ಲಿಯೇ ಹುಲಿ ನಿಂತ ಹಾಗೆ ಮಾಡಬಹುದು ಎಂದೆ.

ಅವರು ಒಂದು ಬಟ್ಟಲು ಚಾ ಮುಗಿಯುವವರೆಗೆ ಯೋಚಿಸಿದರು. ಆಮೇಲೆ ಷರತ್ತು ಹಾಕಿದರು. ಮುಂದಿನ ತಿಂಗಳ ಮೊದಲ ಶನಿವಾರ ಬೆಂಗಳೂರಿನಿಂದ ದೊಡ್ಡ ತಂಡ ಬರುತ್ತದೆ. ಆ ದಿನ ಬಂಡೆಯ ಬಳಿ ಹುಲಿ ಕಂಡರೆ ತೋಟದಲ್ಲಿ ಮುಂದಿನದ್ದೆಲ್ಲ, ತೋಡಿನ ಕಾಡುಹಂದಿ, ಹಳೆಯ ಗದ್ದೆ, ಗದ್ದೆಯ ಕೋಣ, ಎಲ್ಲವೂ ನನ್ನ ಕೆಲಸ. ಕಾಣದಿದ್ದರೆ ಪುತ್ತಿಗೆಯಲ್ಲಿ ಒಬ್ಬರು ಸಿಮೆಂಟಿನ ಹುಲಿ ಮಾಡುತ್ತಾರೆ, ಅವರಿಗೆ ಹೇಳುತ್ತಾರೆ.

“ಸಿಮೆಂಟಿನದ್ದಕ್ಕೆ ಚಾರ್ಜ್ ಮಾಡುವ ರಗಳೆ ಇಲ್ಲ ನೋಡು ತಂಗಿ” ಎಂದರು.

ಅಂಗಡಿಯ ಯಜಮಾನರಿಗೆ ಆ ಶನಿವಾರ ರಜೆ ಬೇಕೆಂದೆ. ಮದುವೆಗಳ ಸಮಯ, ಶನಿವಾರ ಬರದಿದ್ದರೆ ಸೋಮವಾರವೂ ಬರಬೇಡ ಎಂದರು. ಕೋಪದಿಂದ ಹೇಳಿದ್ದಲ್ಲ, ಲೆಮಿನೇಶನ್ ಮಾಡುತ್ತಾ ಹೇಳಿದರು. ಹಾಗೆ ನನ್ನ ನಾಲ್ಕು ವರ್ಷದ ಕೆಲಸವೂ ನನ್ನ ಬಿ.ಸಿ.ಎ.ಯೂ ಒಂದು ಇಲ್ಲದ ಹುಲಿಯ ಬೆನ್ನ ಮೇಲೆ ಹತ್ತಿ ಕುಳಿತವು.

ಮೊದಲು ಯಾವ ಸಾಧನದಿಂದ ಮಾಡುವುದೆಂದು ಆರಿಸಬೇಕಿತ್ತು. ಇದು ಅಕ್ಕಿ ಆರಿಸಿದ ಹಾಗೆ ಅಲ್ಲ, ಕಲ್ಲು ಯಾವುದೆಂದು ಬೇಯಿಸಿದ ಮೇಲೆಯೇ ಗೊತ್ತಾಗುವುದು. ಅತಿ ಸುಲಭದ್ದು, ಫೋನಿನ ಬ್ರೌಸರಿನಲ್ಲೇ ನಡೆಯುವಂಥದ್ದು. ಆ್ಯಪ್ ಹಾಕಿಸುವುದು ಬೇಡ. ಜಾಗದ ಅಕ್ಷಾಂಶ ರೇಖಾಂಶ ಕೊಟ್ಟರೆ ಉಪಗ್ರಹದ ಲೆಕ್ಕದಲ್ಲಿ ಹುಲಿ ಅಲ್ಲಿ ಹೋಗಿ ನಿಲ್ಲುತ್ತದೆ. ಪರೀಕ್ಷೆಗೆಂದು ನಮ್ಮ ಅಂಗಳದ ತುಳಸಿಕಟ್ಟೆಯ ಹತ್ತಿರ ನಿಲ್ಲಿಸಿದೆ. ಫೋನು ಎತ್ತಿ ಹಿಡಿದರೆ ಅಂಗಳದಲ್ಲಿ ಏನೂ ಇಲ್ಲ. ಸುತ್ತ ತಿರುಗಿ ನೋಡಿದೆ. ಹುಲಿ ಮನೆಯ ಕೆಳಗೆ ಹರಿಯುವ ನೇತ್ರಾವತಿಯ ನಡುವೆ ನೀರಿನ ಮೇಲೆ ನಿಂತಿತ್ತು.

ಅಮ್ಮ ಎಲೆ ಕತ್ತರಿಸುವ ಕತ್ತರಿ ಕೆಳಗಿಟ್ಟು ಬಂದು ನೋಡಿದರು. “ಅದಕ್ಕೆ ಈಜು ಬರ್ತದಾ ಮಗಾ?” ಎಂದು ಕೇಳಿದರು.

ಅದು ಈಜುತ್ತಿಲ್ಲ, ನಿಂತದ್ದು ಎಂದೆ.

“ನೀರಿನ ಮೇಲೆ ನಿಲ್ಲುವುದಾದ್ರೆ ಅದು ಹುಲಿ ಅಲ್ಲ” ಎಂದು ಕತ್ತರಿಯ ಹತ್ತಿರ ವಾಪಸು ಹೋದರು. ಮನೆಯ ಮಾತೆಲ್ಲ ತುಳುವಿನದ್ದು, ನಾನು ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ತುಳುವಿನಲ್ಲಿ ಅದು ಇನ್ನೂ ಖಾರವಾಗಿತ್ತು.

ಎರಡನೆಯದ್ದು ಒಂದು ದೊಡ್ಡ ಕಂಪನಿಯದ್ದು, ಬಹಳ ಬುದ್ಧಿವಂತ ಸಾಧನ. ಕ್ಯಾಮೆರಾ ತೋರಿಸಿದರೆ ಸುತ್ತಲಿನ ಕಟ್ಟಡಗಳನ್ನು ನೋಡಿಯೇ ನೀವು ನಿಂತದ್ದು ಇಂಥಲ್ಲಿ ಎಂದು ಹೇಳುತ್ತದೆ. ಆದರೆ ಅದಕ್ಕೆ ಆ ರಸ್ತೆಯಲ್ಲಿ ಮೊದಲೇ ಕ್ಯಾಮೆರಾ ಹೊತ್ತ ಕಾರು ಓಡಾಡಿ ಫೋಟೋ ತೆಗೆದಿರಬೇಕು. ಧಣಿಗಳ ಊರಿಗೆ ಹೋಗುವ ಮಣ್ಣಿನ ರಸ್ತೆಯಲ್ಲಿ ಹಾಲಿನ ವ್ಯಾನು ಬಿಟ್ಟರೆ ಓಡಾಡಿದ್ದು ಓಟಿನ ಸಮಯದ ಜೀಪು ಮಾತ್ರ. ಅದನ್ನು ಬಿಟ್ಟೆ. ಮೂರನೆಯದ್ದು, ಆಟಗಳನ್ನು ತಯಾರಿಸುವ ದೊಡ್ಡ ಸಾಫ್ಟ್‌ವೇರಿನಲ್ಲಿ ನಾನೇ ಆ್ಯಪ್ ಕಟ್ಟಿ, ಯಾವುದಾದರೂ ಒಂದು ಗುರುತಿನ ವಸ್ತುವನ್ನು ಕ್ಯಾಮೆರಾಕ್ಕೆ ಕಲಿಸುವುದು. ಆ ಗುರುತು ಕಂಡರೆ ಅಲ್ಲಿಂದ ಇಷ್ಟು ಅಡಿ ದೂರಕ್ಕೆ ಹುಲಿ. ಕಷ್ಟದ ಕೆಲಸ, ನನ್ನ ಲ್ಯಾಪ್‌ಟಾಪು ಅದನ್ನು ತೆರೆದರೆ ಇಡ್ಲಿ ಪಾತ್ರೆಯ ಹಾಗೆ ಬಿಸಿಯಾಗುತ್ತದೆ. ಹಾಗಾಗಿ ನಾನೂ ಎಲ್ಲರ ಹಾಗೆ ಸುಲಭದ್ದನ್ನೇ ಆರಿಸಿದೆ. ನದಿಯ ಬದಿಯಲ್ಲಿ ಗಾಳಿ ಜಾಸ್ತಿ, ಅದಕ್ಕೇ ಹುಲಿ ಸರಿದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಡಿಗ್ರಿ ಮಾಡಿದವರೂ ಒಮ್ಮೊಮ್ಮೆ ಹೀಗೆ ಯೋಚಿಸುತ್ತಾರೆ.

ಶನಿವಾರಕ್ಕೆ ಎರಡು ವಾರ ಇರುವಾಗ, ಒಂದು ಭಾನುವಾರ, ತೋಟದಲ್ಲಿ ಪರೀಕ್ಷೆ ಇಟ್ಟೆವು. ಧಣಿಗಳ ನೆಂಟರು ಆರು ಮಂದಿ ಆರು ಫೋನು ಹಿಡಿದು ಬಂದರು. ರಬ್ಬರ್ ಮರಗಳ ಎಲೆ ಮೇಲೆ ಚಾವಣಿಯ ಹಾಗೆ ಮುಚ್ಚಿದೆ, ಹಿಂದೆ ಗುಡ್ಡ, ಉಪಗ್ರಹಕ್ಕೆ ನಾವು ಕಾಣುವುದಾದರೂ ಹೇಗೆ. ಒಬ್ಬರಿಗೆ ಹುಲಿ ಮರದ ಅರ್ಧಕ್ಕೆ, ರಬ್ಬರಿನ ಹಾಲು ಇಳಿಯುವ ಗೆರಟೆಯ ಪಕ್ಕದಲ್ಲಿ ತೇಲುತ್ತಿತ್ತು. ಉಳಿದ ಐವರಿಗೆ ಬೇಲಿಯ ಆಚೆ ಕಂಡಿತು. ನೆಂಟರು ಬಹಳ ಉತ್ಸಾಹದವರು. ಬೇಲಿ ದಾಟಿ ಹುಲಿಯ ಹತ್ತಿರ ಸೆಲ್ಫಿಗೆ ನಿಂತರು.

ಬೇಲಿಯ ಆಚೆ ಇದ್ದದ್ದು ನಿವೃತ್ತ ಗಣಿತದ ಮಾಸ್ಟ್ರ ಜಾಗ. ಹುಲಿ ನಿಂತದ್ದು ಅವರ ಬದನೆಯ ಸಾಲಿನಲ್ಲಿ.

ಈ ಎರಡು ಮನೆಯವರು ಗಡಿಯ ವಿಷಯದಲ್ಲಿ ಇಪ್ಪತ್ತು ವರ್ಷದಿಂದ ಮಾತು ಬಿಟ್ಟವರೆಂದು ನನಗೆ ಯಾರೂ ಹೇಳಿರಲಿಲ್ಲ. ಧಣಿಗಳು ರಬ್ಬರ್ ಹಾಕುವಾಗ ಜೆಸಿಬಿಯಲ್ಲಿ ಗುಡ್ಡ ಕಡಿದು ಮೆಟ್ಟಿಲಿನ ಹಾಗೆ ತಟ್ಟು ಮಾಡಿಸಿದ್ದರು. ಆಗ ಸರ್ವೆಯ ಗಡಿಕಲ್ಲು ಕಾಣೆಯಾಯಿತು. ಜೆಸಿಬಿ ನುಂಗಿತು ಎಂದು ಮಾಸ್ಟ್ರು, ಮಾಸ್ಟ್ರೇ ಕಿತ್ತರು ಎಂದು ಧಣಿಗಳು. ಅಂದಿನಿಂದ ಬೇಲಿ ಮಳೆಗಾಲಕ್ಕೊಮ್ಮೆ ಆಚೆಗೂ ಈಚೆಗೂ ನಡೆಯುತ್ತಿತ್ತು.

ಮಾಸ್ಟ್ರು ಮನೆಯಿಂದ ಅಳತೆಯ ಟೇಪು ಹಿಡಿದುಕೊಂಡೇ ಇಳಿದು ಬಂದರು. ನನ್ನ ಕೈಯಿಂದ ಫೋನು ಕೇಳಿ ತೆಗೆದುಕೊಂಡು, ಹುಲಿಯ ಮುಂಗಾಲು ಕಾಣುವಲ್ಲಿಗೆ ನಡೆದು, ಅಲ್ಲೊಂದು ಕೋಲು ಊರಿ, ಬೇಲಿಯಿಂದ ಅಳೆದರು. ಹನ್ನೊಂದು ಮೀಟರ್. ಆಮೇಲೆ ಕನ್ನಡದಲ್ಲಿ ಮಾತು ಶುರು ಮಾಡಿದರು. ನಮ್ಮ ಕಡೆ ಜಗಳ ತುಳುವಿನಲ್ಲಿರುವ ತನಕ ಹೆದರಬೇಕಾಗಿಲ್ಲ. ಕನ್ನಡಕ್ಕೆ ತಿರುಗಿತೆಂದರೆ ವಿಷಯ ಕೋರ್ಟಿನ ದಾರಿ ಹಿಡಿಯಿತೆಂದು ಅರ್ಥ.

“ನಿಮ್ಮ ಹುಲಿಯು ನಮ್ಮ ಪಟ್ಟಾ ಜಾಗದಲ್ಲಿ ಹನ್ನೊಂದು ಮೀಟರ್ ಒಳಗೆ ನಿಂತಿರುತ್ತದೆ. ಇದಕ್ಕೆ ಯಾರ ಅನುಮತಿ ಉಂಟು?”

“ಆ ಹುಲಿ ಇಲ್ಲವೇ ಇಲ್ಲ ಮಾಸ್ಟ್ರೇ” ಎಂದರು ಧಣಿಗಳು. “ಅದು ಫೋನಿನಲ್ಲಿ ಮಾತ್ರ ಇರುವುದು.”

“ಇಲ್ಲದ ಹುಲಿಯನ್ನು ನೋಡಲು ಬಂದವರು ಇದ್ದ ಬದನೆ ಗಿಡಗಳನ್ನು ತುಳಿದಿದ್ದಾರೆ.”

ನೆಂಟರು ಕಾಲಿನ ಕೆಳಗೆ ನೋಡಿಕೊಂಡರು. ಮಾಸ್ಟ್ರು ಹುಲಿಯನ್ನು ಒಂದು ವಾರದೊಳಗೆ ತೆರವುಗೊಳಿಸಬೇಕು, ತಪ್ಪಿದರೆ ಪಂಚಾಯತಿಗೆ ಅರ್ಜಿ ಕೊಡುವುದಾಗಿ ತಿಳಿಸಿದರು. ಅರ್ಜಿಯಲ್ಲಿ ಹುಲಿಯನ್ನು ಏನೆಂದು ಬರೆಯುತ್ತಾರೆ, ಜಾನುವಾರು ಎಂದೋ ಅಕ್ರಮ ಕಟ್ಟಡ ಎಂದೋ, ಎಂಬ ಕುತೂಹಲ ನನಗೆ ಈಗಲೂ ಉಂಟು. ಹೊರಡುವಾಗ ಧಣಿಗಳು ನನ್ನ ಮುಖ ನೋಡದೆ, ಪುತ್ತಿಗೆಯವರ ನಂಬರು ಎಲ್ಲಿಟ್ಟೆ ಎಂದು ಹೆಂಡತಿಯನ್ನು ಕೇಳಿದರು.

ಬಸ್ಸಿನಲ್ಲಿ ಬಿ.ಸಿ.ರೋಡಿನವರೆಗೂ ಯೋಚಿಸಿದೆ. ಉಪಗ್ರಹದ ಲೆಕ್ಕ ಈ ಜಾಗಕ್ಕೆ ಆಗುವುದಿಲ್ಲ. ಅಂಗಡಿಯ ಎದುರು ಹತ್ತು ಮೀಟರ್ ತಪ್ಪಿದರೆ ಪಕ್ಕದ ಅಂಗಡಿ, ಅಷ್ಟೇ. ಗಡಿಯ ಜಗಳ ಇರುವಲ್ಲಿ ಹತ್ತು ಮೀಟರ್ ಎಂದರೆ ಎರಡು ತಲೆಮಾರು. ಇನ್ನು ಉಳಿದದ್ದು ಕಷ್ಟದ ಸಾಧನ ಒಂದೇ. ನೆಲದಲ್ಲಿ ಅಲುಗದೆ ಇರುವ ಒಂದು ಗುರುತು ಬೇಕು. ಮರ ಕಡಿಯುತ್ತಾರೆ, ಬೇಲಿ ನಡೆಯುತ್ತದೆ, ಬಂಡೆಯ ಮೇಲಿನ ಪಾಚಿ ತಿಂಗಳಿಗೊಂದು ಬಣ್ಣ. ಅಲುಗಬಾರದೆಂದೇ ಮನುಷ್ಯರು ನೆಡುವ ವಸ್ತು ಒಂದೇ, ಗಡಿಕಲ್ಲು.

ಮರುದಿನ ಅಂಗಡಿಗೆ ಅರ್ಧ ದಿನ ರಜೆ ಹಾಕಿ ಮಾಸ್ಟ್ರ ಮನೆಗೇ ಹೋದೆ. ಹುಲಿಯನ್ನು ತೆಗೆಯಬೇಕಾದರೆ ಗಡಿ ಎಲ್ಲೆಂದು ನನಗೆ ಗೊತ್ತಾಗಬೇಕಲ್ಲ ಸರ್, ಕಲ್ಲು ಇದ್ದದ್ದು ಎಲ್ಲಿ ಎಂದು ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಏನು ಓದಿದ್ದೆಂದು ವಿಚಾರಿಸಿದರು. ಹೇಳಿದೆ. ಗಣಿತದಲ್ಲಿ ಎಷ್ಟು ಬಂದದ್ದೆಂದು ಕೇಳಿದರು. ಅದನ್ನೂ ಹೇಳಿದೆ, ಸ್ವಲ್ಪ ಮೆಲ್ಲಗೆ. ಅವರು ಚಪ್ಪಲಿ ಹಾಕಿಕೊಂಡು ತೋರಿಸಲು ಹೊರಟರು. ಧಣಿಗಳಿಗೂ ಫೋನು ಮಾಡಿ, ನೀವೂ ಕಲ್ಲು ಇದ್ದ ಜಾಗಕ್ಕೆ ಬನ್ನಿ, ನಿಮ್ಮ ಲೆಕ್ಕದ ಜಾಗಕ್ಕೆ ಬಂದರೆ ಸಾಕು ಎಂದಿದ್ದೆ. ಎರಡು ಜಾಗಗಳ ನಡುವೆ ಎಷ್ಟು ದೂರವಿದೆಯೆಂದು ಅಳೆದು, ಮಧ್ಯದಲ್ಲಿ ಏನಾದರೂ ಮಾಡುವ ಎಂಬುದು ನನ್ನ ಅಂದಾಜು.

ಮಾಸ್ಟ್ರು ಮೇಲಿನಿಂದ ಇಳಿದರು, ಧಣಿಗಳು ಕೆಳಗಿನಿಂದ ಹತ್ತಿದರು. ಇಬ್ಬರೂ ಅದೇ ಹುಲಿಯ ಬಂಡೆಯ ಬುಡದಲ್ಲಿ, ಒಂದೇ ಪೊದೆಯ ಎದುರು ಬಂದು ನಿಂತರು.

ಇಪ್ಪತ್ತು ವರ್ಷ ಇಬ್ಬರೂ ಬೇಲಿಯ ಬಗ್ಗೆ ಜಗಳ ಮಾಡಿದ್ದರು, ಕಲ್ಲನ್ನು ಮಾಯ ಮಾಡಿದ್ದು ಯಾರೆಂದು ಜಗಳ ಮಾಡಿದ್ದರು. ಅದು ಇದ್ದದ್ದು ಎಲ್ಲೆಂದು ಒಬ್ಬರು ಇನ್ನೊಬ್ಬರನ್ನು ಕೇಳಿಯೇ ಇರಲಿಲ್ಲ.

“ಇಲ್ಲಿಯೇ ಅಂತ ನಿಮಗೂ ಗೊತ್ತಿತ್ತಾ ಮಾಸ್ಟ್ರೇ?” ಎಂದರು ಧಣಿಗಳು, ತುಳುವಿನಲ್ಲಿ.

“ನನಗೆ ಗೊತ್ತಿಲ್ಲದೆ ಮತ್ತೆ? ನಿನಗೆ ಗೊತ್ತಿಲ್ಲ ಅಂತ ಎಣಿಸಿದ್ದೆ ಮಾರಾಯ” ಎಂದರು ಮಾಸ್ಟ್ರು. ಅವರೂ ತುಳುವಿಗೆ ಇಳಿದಿದ್ದರು.

ಧಣಿಗಳು ಪಿಕ್ಕಾಸು ತರಿಸಿದರು. ಎರಡಡಿ ಅಗೆಯುವಾಗ ಕಲ್ಲು ಸಿಕ್ಕಿತು, ನೆಟ್ಟಗೆ, ನೆಟ್ಟಲ್ಲೇ. ಜೆಸಿಬಿಯ ಮಣ್ಣು ಜಾರಿ ಮೇಲೆ ಬಿದ್ದಿತ್ತು, ಬೇರೇನಿಲ್ಲ. ಅಷ್ಟಾದಾಗ ಸಂತೋಷಕ್ಕೆ ಬೊಂಡ ಕೆತ್ತಿ ಎಳನೀರು ಕುಡಿದು ಮುಗಿಸಬೇಕಿತ್ತು. ಆದರೆ ತೋಟದ ತುದಿಯ ಇನ್ನೊಂದು ಗಡಿಕಲ್ಲಿನಿಂದ ಈ ಕಲ್ಲಿನ ನೇರಕ್ಕೆ ಹಗ್ಗ ಎಳೆದರೆ ಗಡಿ ಹುಲಿಯ ಬಂಡೆಯನ್ನು ಸರಿಯಾಗಿ ಎರಡು ಪಾಲು ಮಾಡಿತು. ಮಾಸ್ಟ್ರು ಕೂಡಲೇ ತಮ್ಮ ಬೇಡಿಕೆ ಬದಲಿಸಿದರು. ಹುಲಿಯನ್ನು ತೆಗೆಯಬೇಕಾಗಿಲ್ಲವಂತೆ. ಹಿಂದೆ ಹುಲಿ ಬಂದ ದಿನ ಸೂಟೆ ಹಿಡಿದದ್ದು ತಮ್ಮ ಅಜ್ಜನಂತೆ, ಧಣಿಗಳ ಅಜ್ಜ ಹಿಂದಿನಿಂದ ಬೊಬ್ಬೆ ಹೊಡೆದದ್ದು ಮಾತ್ರವಂತೆ. ಹಾಗಾಗಿ ಹುಲಿ ಬಂಡೆಯ ಮೇಲೆ ನಿಲ್ಲುವಾಗ ತಲೆ ತಮ್ಮ ಜಾಗದಲ್ಲಿರಬೇಕು.

“ಬಾಲ ಇಟ್ಟುಕೊಂಡು ನಾನೇನು ಮಾಡಲಿ?” ಎಂದರು ಧಣಿಗಳು. “ಬಂದವರಿಗೆ ಚಾ ಕೊಟ್ಟು ಬಾಲ ತೋರಿಸುವುದಾ?”

ಮೂರು ದಿನ ಈ ಚರ್ಚೆ ನಡೆಯಿತು. ಹುಲಿ ಗಡಿಯ ಉದ್ದಕ್ಕೆ ಮಲಗಲಿ ಎಂದು ನಾನು ಹೇಳಿ ನೋಡಿದೆ. ಮಲಗಿದ ಹುಲಿಯನ್ನು ಓಡಿಸಿದ್ದರಲ್ಲಿ ಅಜ್ಜನ ಹೆಚ್ಚುಗಾರಿಕೆ ಏನು ಎಂದು ಇಬ್ಬರೂ ಒಟ್ಟಿಗೆ ಕೇಳಿದರು. ಅವರು ಒಮ್ಮತಕ್ಕೆ ಬಂದ ಎರಡನೆಯ ವಿಷಯ ಅದು. ಕೊನೆಗೆ ಅಮ್ಮನ ಹತ್ತಿರ ತಲೆಹರಟೆಯೆಲ್ಲ ಹೇಳಿಕೊಂಡೆ. ಅಮ್ಮ ಬೀಡಿಗೆ ನೂಲು ಸುತ್ತುತ್ತಾ, “ನಿಂತರೆ ತಾನೇ ತಲೆ ಒಂದು ಕಡೆ ಆಗುವುದು. ನಡೆಯಲಿ” ಎಂದರು.

ನಡೆಸಿದೆ. ಬಂಡೆಯ ಮೇಲೆ ಹುಲಿ ಆಚೆಯಿಂದ ಈಚೆಗೆ ಬರುತ್ತದೆ, ತಿರುಗುತ್ತದೆ, ಈಚೆಯಿಂದ ಆಚೆಗೆ ಹೋಗುತ್ತದೆ. ಲ್ಯಾಪ್‌ಟಾಪು ಕಾದು ಕಾದು ಎರಡು ಸಲ ತಾನಾಗಿ ಮಲಗಿತು. ತೆಂಗಿನ ನಾರಿನಿಂದ ಕಲ್ಲನ್ನು ಉಜ್ಜಿ, ಅದರ ಕಲೆಗಳನ್ನೂ ಉಳಿಯ ಗುರುತುಗಳನ್ನೂ ಎಲ್ಲ ಕೋನದಿಂದ ಸ್ಕ್ಯಾನ್ ಮಾಡಿ ಆ್ಯಪಿಗೆ ಕಲಿಸಿದೆ. ಅತಿಥಿಗಳ ಫೋನಿನಲ್ಲಿ ನಡೆಯುತ್ತದೋ ಇಲ್ಲವೋ, ಅಲ್ಲಿ ಆ್ಯಪ್ ಇಳಿಸಿಕೊಳ್ಳುವಷ್ಟು ನೆಟ್ಟೂ ಇಲ್ಲ, ಆದ್ದರಿಂದ ಧಣಿಗಳ ಮಕ್ಕಳು ಬಿಟ್ಟುಕೊಟ್ಟ ನಾಲ್ಕು ಹಳೆಯ ಫೋನುಗಳಲ್ಲಿ ಆ್ಯಪ್ ಹಾಕಿ ಹೋಂಸ್ಟೇಯಲ್ಲೇ ಇಡುವುದೆಂದು ಮಾಡಿದೆ. ಶುಕ್ರವಾರ ಸಂಜೆ ನಾಲ್ಕರಲ್ಲೂ ಹುಲಿ ಕಲ್ಲಿನ ಪಕ್ಕದ ಬಂಡೆಯ ಮೇಲೆಯೇ ನಡೆಯಿತು. ಒಂದು ಅಂಗುಲ ಆಚೀಚೆ ಇಲ್ಲ. ಮಾಸ್ಟ್ರು ಟೇಪು ಹಿಡಿದು ಒಪ್ಪಿದರು.

ಶನಿವಾರ ಮೊದಲ ಬಸ್ಸಿಗೆ ಹೋದೆ. ಎಂಟು ಗಂಟೆಗೆ ಬಂಡೆಯ ಹತ್ತಿರ ಬಂದರೆ, ಕಲ್ಲಿಗೆ ಬುಡದಿಂದ ತಲೆಯವರೆಗೆ ಬಿಳಿ ಪೇಂಟು. ಅದರ ಮೇಲೆ ಎರಡು ಕಡೆಯೂ ಕಪ್ಪು ಬಣ್ಣದಲ್ಲಿ ಸರ್ವೆ ನಂಬರು. ಮಾಸ್ಟ್ರು ಬ್ರಶ್ ಹಿಡಿದು ನಿಂತಿದ್ದರು. ಅಂಗಿಗೆ ಅಲ್ಲಲ್ಲಿ ಬಿಳಿ ಚುಕ್ಕೆ.

“ಇನ್ನು ಮುಂದೆ ಕಲ್ಲು ಕಾಣಲಿಲ್ಲ ಅಂತ ಯಾರೂ ಹೇಳಬಾರದಲ್ಲ” ಎಂದರು.

ಮನುಷ್ಯರಿಗೆ ಈಗ ಕಲ್ಲು ಒಂದು ಮೈಲಿನಿಂದ ಕಾಣುತ್ತಿತ್ತು. ಫೋನಿಗೆ ಕಾಣುತ್ತಿರಲಿಲ್ಲ. ಅದಕ್ಕೆ ಗೊತ್ತಿದ್ದದ್ದು ಕಲೆ ಬಿದ್ದ ಕಪ್ಪು ಕಲ್ಲು, ಈ ಬಿಳಿಯ ಮದುಮಗ ಅಲ್ಲ. ನಾಲ್ಕು ಫೋನು ಹಿಡಿದು ನೋಡಿದೆ, ನಾಲ್ಕರಲ್ಲೂ ಬರೀ ರಬ್ಬರ್ ಮರ. ಹನ್ನೊಂದಕ್ಕೆ ತಂಡ ಬರುವುದು. ಧಣಿಗಳು ಕಿಸೆಯಿಂದ ಫೋನು ತೆಗೆದರು. ಯಾರಿಗೆ ಎಂದು ಕೇಳುವುದು ಬೇಡವಾಯಿತು.

ಹತ್ತೂವರೆವರೆಗೆ ಕೊಡಿ ಅಣ್ಣ, ಅಷ್ಟರಲ್ಲಿ ಆಗದಿದ್ದರೆ ನಾನೇ ಪುತ್ತಿಗೆಗೆ ಹೋಗಿ ಹೇಳಿ ಬರುತ್ತೇನೆ ಎಂದೆ.

ಹೊಸದಾಗಿ ಸ್ಕ್ಯಾನ್ ಮಾಡಬೇಕು, ಆದರೆ ಹಸಿ ಪೇಂಟು ಬೆಳಕಿಗೆ ಹೊಳೆದು ಕ್ಯಾಮೆರಾದ ಕಣ್ಣು ಕುಕ್ಕುತ್ತಿತ್ತು. ಮೊದಲು ಒಣಗಬೇಕು. ಮಾಸ್ಟ್ರು ತಪ್ಪಾಯಿತೆಂದು ಬಾಯಿಬಿಟ್ಟು ಹೇಳುವವರಲ್ಲ. ಬಿದ್ದಿದ್ದ ಒಂದು ಅಡಿಕೆಯ ಹಾಳೆ ಹೆಕ್ಕಿಕೊಂಡು ಬಂದು ಕಲ್ಲಿಗೆ ಗಾಳಿ ಹಾಕತೊಡಗಿದರು. ಧಣಿಗಳು ಅದನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮನೆಯಿಂದ ವಯರು ಎಳೆಸಿ, ಅತಿಥಿಗಳ ಕೋಣೆಯ ಪೆಡೆಸ್ಟಲ್ ಫ್ಯಾನನ್ನು ತೋಡಿನ ಬದಿಗೆ ತಂದು ನಿಲ್ಲಿಸಿದರು. ಇಪ್ಪತ್ತು ವರ್ಷ ಯಾರ ಬಾಯಿಯಲ್ಲೂ ಒಳ್ಳೆಯ ಮಾತು ಕೇಳದ ಆ ಕಲ್ಲು ಒಂದು ಕಡೆ ಹಾಳೆಯ ಗಾಳಿ, ಒಂದು ಕಡೆ ಫ್ಯಾನಿನ ಗಾಳಿ ತೆಗೆದುಕೊಂಡು ಕುಳಿತಿತ್ತು. ನನಗೆ ನಗು ಬಂದದ್ದು ನಿಜ. ನಗಲಿಲ್ಲ, ಸೋಮವಾರದ ನೆನಪಾಯಿತು.

ಒಂಬತ್ತೂವರೆಗೆ ಪೇಂಟು ಒಣಗಿತು. ಸ್ಕ್ಯಾನ್ ಮಾಡಿದೆ, ಬಂಡೆಗೆ ಒರಗಿ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟು ಆ್ಯಪನ್ನು ಮತ್ತೆ ಕಟ್ಟಿದೆ. ತೊಡೆ ಸುಟ್ಟಿತು. ಹತ್ತು ಗಂಟೆ ಇಪ್ಪತ್ತೈದು ನಿಮಿಷಕ್ಕೆ ಮೊದಲ ಫೋನು ಎತ್ತಿದೆ. ಹುಲಿ ಬಂತು. ಹಿಂದೆ ಸರಿದೆ, ಇನ್ನೂ ಹಿಂದೆ ಸರಿದೆ. ಮೊದಲು ನಾಲ್ಕು ಅಡಿಗೆ ಹೋಗಿ ಬಗ್ಗಿ ತೋರಿಸಬೇಕಿದ್ದ ಕಲ್ಲು ಈಗ ಹದಿನೈದು ಅಡಿಯಿಂದಲೇ ಗುರುತು ಸಿಗುತ್ತಿತ್ತು. ಬಿಳಿಯ ಮೇಲಿನ ದಪ್ಪ ಕಪ್ಪು ಅಂಕಿಗಳು ಕ್ಯಾಮೆರಾಕ್ಕೆ ಎಷ್ಟು ಚೆನ್ನಾಗಿ ಹಿಡಿದಿದ್ದವೆಂದರೆ, ನಾನೇ ಮೊದಲು ಮಾಡಬೇಕಾಗಿದ್ದ ಕೆಲಸ ಅದು. ಯಾವ ಪಾಠದಲ್ಲೂ ಇರಲಿಲ್ಲ. ಮಾಸ್ಟ್ರಿಗೆ ಇದನ್ನು ಹೇಳಬಾರದಿತ್ತು, ಹೇಳಿಬಿಟ್ಟೆ. ಅಂಕಿ ಇದ್ದಲ್ಲಿ ಗೊಂದಲ ಇರುವುದಿಲ್ಲ ಎಂದು ಅವರು ತಂಡ ಬರುವವರೆಗೆ ಮೂರು ಸಲ ಹೇಳಿದರು.

ತಂಡ ಬಂತು. ಒಬ್ಬರು ಹುಲಿ ತಮ್ಮತ್ತ ತಿರುಗಿದ್ದು ಕಂಡು, ಫೋನು ಹಿಡಿದುಕೊಂಡೇ ಹಿಂದೆ ಹಿಂದೆ ಹೋಗಿ ತೋಡಿಗೆ ಕಾಲು ಹಾಕಿದರು. ಧಣಿಗಳಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಅಲ್ಲಿಯೇ ಪುತ್ತಿಗೆಗೆ ಫೋನು ಮಾಡಿ ಬೇಡವೆಂದರು. ಹಂದಿ ಯಾವಾಗ ಶುರು ಮಾಡುತ್ತಿ, ಕೋಣಕ್ಕೆ ಎಷ್ಟು ದಿನ ಬೇಕು ಎಂದು ನನ್ನನ್ನು ಕೇಳಿದರು.

ಮಾಸ್ಟ್ರು ಒಂದು ಬದಿಯಲ್ಲಿ ಕೈಗಡಿಯಾರ ನೋಡುತ್ತಾ ನಿಂತಿದ್ದವರು ನನ್ನನ್ನು ಕರೆದರು. ಹುಲಿ ಆಚೆ ಕಡೆ ಏಳು ಸೆಕೆಂಡು ಇರುತ್ತದೆ, ತಮ್ಮ ಕಡೆ ಐದೇ ಸೆಕೆಂಡು. ತಿರುಗುವುದು ಧಣಿಗಳ ಜಾಗದಲ್ಲಿ ನಿಧಾನವಂತೆ. ಲೆಕ್ಕ ಸರಿಯಾಗಿಯೇ ಇತ್ತು. ಸರಿ ಮಾಡುತ್ತೇನೆ ಎಂದೆ. ಅವರು ಅಷ್ಟಕ್ಕೆ ಬಿಡದೆ, ಕನ್ನಡಕ್ಕೆ ತಿರುಗಿ, ಧ್ವನಿ ತಗ್ಗಿಸಿ ಕೇಳಿದರು.

“ನಮ್ಮ ಅಜ್ಜನವರನ್ನು ಸೂಟೆ ಸಮೇತ ನಿಲ್ಲಿಸಲಿಕ್ಕೆ ಆಗುತ್ತದೆಯೇ? ನಮ್ಮ ಜಾಗದಲ್ಲಿಯೇ, ಗಡಿಯಿಂದ ಒಂದಡಿ ಒಳಗೆ. ಅದನ್ನು ನಾನು ನಿಮಗೆ ಬೇರೆಯೇ ಕೆಲಸವಾಗಿ ಕೊಡುತ್ತೇನೆ.”

ಅದುವರೆಗೆ ‘ನೀನು’ ಎನ್ನುತ್ತಿದ್ದ ಅವರು ನನಗೆ ‘ನಿಮಗೆ’ ಎಂದದ್ದು ಆಮೇಲೆ, ಬಸ್ಸಿನಲ್ಲಿ ಕುಳಿತಾಗ ಹೊಳೆಯಿತು. ಆ ದಿನ ಸೀಟೂ ಸಿಕ್ಕಿತ್ತು. ಅಲ್ಲಿಂದಲೇ ಮೂಡುಬಿದಿರೆಗೆ ಫೋನು ಮಾಡಿ ಯಜಮಾನರಿಗೆ ಸೋಮವಾರ ಬರುವುದಿಲ್ಲ, ಆಮೇಲೂ ಬರುವುದಿಲ್ಲ ಎಂದೆ. ಅವರು ಹುಷಾರಿಲ್ವಾ ಎಂದು ಕೇಳಿದರು.

ಹುಷಾರಿದ್ದೇನೆ, ಕೆಲಸ ಉಂಟು ಎಂದೆ.